ಖಾರದ ಉರಿ: ನೀರಿಗೆ ಬಗ್ಗದ್ದು ಮೊಸರಿಗೆ ಏಕೆ ಬಗ್ಗುತ್ತದೆ?

ಕಳೆದ ದಸರಾ ರಜೆಗೆ ಬಂದಿದ್ದ ತಂಗಿಯ ಮಗ ನಮ್ಮ ಬೀದಿಯ ಅಂಗಡಿಯಿಂದ ಕೊರಿಯಾದ ಖಾರದ ನೂಡಲ್ಸ್ ಪೊಟ್ಟಣ ತಂದ. ಬೇಯಿಸಿ, ಜೊತೆಗಿದ್ದ ಕಡುಗೆಂಪು ಸಾಸನ್ನು ಕೊನೆಯ ಹನಿಯವರೆಗೂ ಹಿಂಡಿ, ಮೊಬೈಲನ್ನು ಎದುರಿಗೆ ನಿಲ್ಲಿಸಿಕೊಂಡು ತಿನ್ನಲು ಕುಳಿತ. ಮೂರನೆಯ ತುತ್ತಿಗೆ ಕಿವಿ ಕೆಂಪಾಯಿತು. ಐದನೆಯದಕ್ಕೆ ಕಣ್ಣು, ಮೂಗು ಎರಡೂ ಸೋರತೊಡಗಿದವು. "ದೊಡ್ಡಮ್ಮ, ನೀರು!" ಎಂದು ಕೂಗಿ, ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನು ಗಟಗಟ ಖಾಲಿ ಮಾಡಿದ. ನೀರು ಬಾಯಲ್ಲಿದ್ದಷ್ಟು ಹೊತ್ತು ಸುಮ್ಮನಿರುತ್ತಿದ್ದ. ಗಂಟಲಿಗೆ ಇಳಿದ ಕೂಡಲೇ ಮತ್ತೆ ಬಾಯಿ ತೆರೆದು 'ಹಾ ಹಾ' ಎಂದು ಗಾಳಿ ಎಳೆದುಕೊಳ್ಳುತ್ತಿದ್ದ. ಬಟ್ಟಲಲ್ಲಿ ಗಟ್ಟಿ ಮೊಸರು ಕೊಟ್ಟೆ. ನಾಲ್ಕು ಚಮಚ ಹೋದ ಮೇಲೆ ಮಾತು ಹೊರಟಿತು. "ನೀರು ಮಂಜುಗಡ್ಡೆಯ ಹಾಗೆ ತಣ್ಣಗಿತ್ತಲ್ಲ ದೊಡ್ಡಮ್ಮ, ಅದರಿಂದ ಆಗದ್ದು ಮೊಸರಿನಿಂದ ಹೇಗಾಯಿತು?"

ಒಳ್ಳೆಯ ಪ್ರಶ್ನೆ. ಈಗ ಕೇಳಬೇಕಾದ ಪ್ರಶ್ನೆಯೂ ಹೌದು. ಒಂದು ಕಾಲಕ್ಕೆ ಮಹಾನಗರದ ದೊಡ್ಡ ಮಳಿಗೆಗಳಲ್ಲಷ್ಟೇ ಸಿಗುತ್ತಿದ್ದ ಇಂಥ ಪೊಟ್ಟಣಗಳು ಇಂದು ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ನೇತಾಡುತ್ತಿವೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಆಹಾರ ಸುರಕ್ಷತಾ ಇಲಾಖೆ ಸಮ್ಯಾಂಗ್ ಕಂಪನಿಯ 'ಬುಲ್ಡಾಕ್' ನೂಡಲ್ಸ್‌ನ ಮೂರು ಬಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆಸಿತು. ಅವುಗಳಲ್ಲಿರುವ ಖಾರದ ಅಂಶ ಮಕ್ಕಳಿಗೆ ವಿಷವಾಗುವಷ್ಟಿದೆ ಎಂಬುದು ಕಾರಣ. ಮರುತಿಂಗಳು ಎರಡು ಬಗೆಗಳ ಮೇಲಿನ ನಿರ್ಬಂಧ ತೆರವಾಯಿತು, ಅತಿ ಖಾರದ್ದರ ಮೇಲಿನದು ಉಳಿಯಿತು. ದಿನವೂ ಮೆಣಸಿನಕಾಯಿ ತಿನ್ನುವ ನಮಗೆ ಖಾರದ ಬಗ್ಗೆ ಗೊತ್ತಿರುವುದು ಬಹಳ, ಆದರೆ ಅದು ಬಾಯೊಳಗೆ ನಿಜವಾಗಿ ಏನು ಮಾಡುತ್ತದೆ ಎಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ.

ನಾಲಿಗೆಯಿಲ್ಲದ ಕೈಗೂ ಖಾರ ಗೊತ್ತು

ಉಪ್ಪಿನಕಾಯಿಗೆಂದು ಎರಡು ಕಿಲೋ ಹಸಿಮೆಣಸಿನಕಾಯಿ ಹೆಚ್ಚಿದವರನ್ನು ಕೇಳಿ ನೋಡಿ. ಆ ರಾತ್ರಿ ಬೆರಳುಗಳು ಕೆಂಡ ಮುಟ್ಟಿದಂತೆ ಉರಿಯುತ್ತವೆ. ಅದೇ ಬೆರಳಿಗೆ ಬೆಲ್ಲ ಮೆತ್ತಿದರೆ ಸಿಹಿ ತಿಳಿಯುವುದಿಲ್ಲ, ಹಾಗಲಕಾಯಿ ಹೆಚ್ಚಿದರೆ ಕಹಿ ತಿಳಿಯುವುದಿಲ್ಲ. ಖಾರ ಮಾತ್ರ ಏಕೆ ತಿಳಿಯುತ್ತದೆ?

ಏಕೆಂದರೆ ಶರೀರಶಾಸ್ತ್ರದ ಲೆಕ್ಕದಲ್ಲಿ ಖಾರ ರುಚಿಯಲ್ಲ, ಅದೊಂದು ನೋವು. ನಮ್ಮ ಷಡ್ರಸಗಳಲ್ಲಿ 'ಕಟು' ಎಂಬ ಹೆಸರಿನಲ್ಲಿ ಖಾರಕ್ಕೆ ಸ್ಥಾನವಿದೆ; ಊಟದ ಅನುಭವವನ್ನು ವಿಂಗಡಿಸುವ ಆ ಕ್ರಮ ತಪ್ಪೇನಲ್ಲ. ಆದರೆ ನಾಲಿಗೆಯ ಮೇಲಿನ ರುಚಿಮೊಗ್ಗುಗಳು ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂದು ಕರೆಯುವ ಒಂದು ಬಗೆಯ ಸಾರದ ರುಚಿಯನ್ನು ಮಾತ್ರ. ಖಾರದ ಸುದ್ದಿ ರುಚಿಯ ದಾರಿಯಲ್ಲಿ ಹೋಗುವುದಿಲ್ಲ. ಮುಖದ ನೋವು, ಬಿಸಿ, ಸ್ಪರ್ಶಗಳನ್ನು ಮಿದುಳಿಗೆ ಮುಟ್ಟಿಸುವ ನರವೊಂದಿದೆ. ಖಾರ ಹೋಗುವುದು ಅದರ ಮೂಲಕ.

ಆ ನರದ ತುದಿಗಳಲ್ಲೂ ಕೈಯ ಚರ್ಮದ ನರತುದಿಗಳಲ್ಲೂ ಬಿಸಿಯನ್ನು ಪತ್ತೆ ಹಚ್ಚುವ ಗ್ರಾಹಕಗಳಿವೆ. ಗ್ರಾಹಕ ಎಂದರೆ ಹೊರಗಿನ ಕೆಲವು ನಿರ್ದಿಷ್ಟ ಸಂಗತಿಗಳಿಗೆ ಓಗೊಡುವ ಪ್ರೋಟೀನ್. ಬಿಸಿಯ ಈ ಗ್ರಾಹಕಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಟಿಆರ್‌ಪಿವಿ-1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು 'ಸುಡುತ್ತಿದೆ' ಎಂಬ ಸಂದೇಶ ಕಳಿಸುತ್ತದೆ. ಬಿಸಿ ಕಾಫಿಯ ಲೋಟವನ್ನು ತಟ್ಟನೆ ತುಟಿಯಿಂದ ದೂರ ಸರಿಸುವುದು ಇದರ ದಯೆಯಿಂದಲೇ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಬಿಸಿಯೇ ಇಲ್ಲದೆಯೂ ಇದೇ ಗ್ರಾಹಕಕ್ಕೆ ಹೋಗಿ ಅಂಟಿಕೊಂಡು ಅದನ್ನು ತೆರೆಸಿಬಿಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ್ದು ಕ್ಯಾಪ್ಸೈಸಿನ್ನಿನ ಜಾಡು ಹಿಡಿದೇ. 2021ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಅವರು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು.

ಮನೆಯ ಕರೆಗಂಟೆಯ ಗುಂಡಿಗೆ ಯಾರೋ ಅಂಟು ಮೆತ್ತಿ ಒತ್ತಿಟ್ಟು ಹೋಗಿದ್ದಾರೆ ಎಂದುಕೊಳ್ಳಿ. ಬಾಗಿಲಲ್ಲಿ ಯಾರೂ ಇಲ್ಲ, ಗಂಟೆ ಮಾತ್ರ ಹೊಡೆದುಕೊಳ್ಳುತ್ತಲೇ ಇರುತ್ತದೆ. ಬಾಯಿ ಉರಿಯುವುದು ಹೀಗೆ. ಅಲ್ಲಿ ಸುಟ್ಟದ್ದೇನೂ ಇಲ್ಲ, ಬೊಬ್ಬೆಯೂ ಏಳುವುದಿಲ್ಲ. ಆದರೆ ಮಿದುಳು ಗಂಟೆಯನ್ನು ನಂಬುತ್ತದೆ. ಒಳಗೆ ಬೆಂಕಿ ಹೊತ್ತಿದೆಯೆಂದು ಬೆವರು ಹರಿಸಿ ಮೈ ತಂಪು ಮಾಡಲು ಹೊರಡುತ್ತದೆ. ಕಿರಿಕಿರಿ ಮಾಡುವ ವಸ್ತುವನ್ನು ತೊಳೆದುಹಾಕಲು ಜೊಲ್ಲು, ಕಣ್ಣೀರು, ಸಿಂಬಳ ಸುರಿಸುತ್ತದೆ. 'ಖಾರ ನೆತ್ತಿಗೇರಿತು' ಎಂದು ನಾವು ಹೇಳುವ ಸ್ಥಿತಿ ಇದೇ.

ಇಲ್ಲೊಂದು ಮಾತು ಸೇರಿಸಬೇಕು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ಮೆಣಸಿನಕಾಯಿ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೆ ಮೊದಲು ನಮ್ಮ ಅಡುಗೆಯಲ್ಲಿ ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ, ಹಿಪ್ಪಲಿ. ಬಂದ ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿ 'ಮೆಣಸಿನಕಾಯಿ' ಎಂದರು. ಎರಡೂ ಗಿಡಗಳಿಗೆ ನಂಟಿಲ್ಲ. ಆದರೆ ಕಾಳುಮೆಣಸಿನ ಪೈಪರೀನ್ ಕೂಡ ಒತ್ತುವುದು ಇದೇ ಗಂಟೆಯನ್ನು! ನಾಲಿಗೆಯ ಸಾಕ್ಷ್ಯವನ್ನು ನಂಬಿ ಇಟ್ಟ ಆ ಹೆಸರು ಎಷ್ಟು ಸರಿಯಾಗಿತ್ತು ಎಂದು ನನಗೆ ಈಗಲೂ ಬೆರಗು. ಹಸಿ ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಖಾರ ಮಾತ್ರ ಬೇರೆ, ಅದರ ಗ್ರಾಹಕವೇ ಬೇರೆ.

ಬೀಜದಲ್ಲಿಲ್ಲ, ಬಿಳಿ ತಿರುಳಿನಲ್ಲಿದೆ

ಖಾರ ಕಡಿಮೆ ಮಾಡಲು ಬೀಜ ಉದುರಿಸುವವರು ಬಹಳ. ವಾಸ್ತವವಾಗಿ ಕ್ಯಾಪ್ಸೈಸಿನ್ ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ಮೆತ್ತನೆಯ ತಿರುಳಿನಲ್ಲಿ. ಬೀಜಕ್ಕೆ ತಾಗಿರುವುದು ಅದರ ಸಹವಾಸದ ಖಾರ. ಮಿರ್ಚಿ ಭಜಿಗೆ ಕಾಯಿಯನ್ನು ಉದ್ದಕ್ಕೆ ಸೀಳಿ, ಚಮಚದ ಹಿಡಿಯಿಂದ ಆ ಬಿಳಿ ಎಳೆಯನ್ನು ಪೂರ್ತಿ ಕೆರೆದು ತೆಗೆದರೆ ಖಾರದ ಬಹುಪಾಲು ಅದರೊಂದಿಗೇ ಹೋಗುತ್ತದೆ.

ಗಿಡಕ್ಕೆ ಈ ಖಾರ ಏಕೆ ಬೇಕು? ಹಣ್ಣು ತಿಂದು ಬೀಜವನ್ನು ಹಲ್ಲಿನಲ್ಲಿ ಅರೆದುಹಾಕುವ ಇಲಿಯಂಥ ಪ್ರಾಣಿಗಳನ್ನು ದೂರವಿಡಲು. ಹಕ್ಕಿಗಳಲ್ಲಿರುವ ಗ್ರಾಹಕ ಕ್ಯಾಪ್ಸೈಸಿನ್‌ಗೆ ಓಗೊಡುವುದಿಲ್ಲ. ಅವು ನಿಶ್ಚಿಂತೆಯಿಂದ ಹಣ್ಣು ನುಂಗಿ, ಬೀಜವನ್ನು ಹಾಳು ಮಾಡದೆ ದೂರದಲ್ಲಿ ಹಾಕಿಬರುತ್ತವೆ. ಮಲೆನಾಡಿನ ತೋಟಗಳಲ್ಲಿ ಯಾರೂ ನೆಡದೆ ಸೂಜಿಮೆಣಸಿನ ಗಿಡ ಏಳುವುದು ಹೀಗೆ. ಕಾಫಿ ಗಿಡದ ಬುಡದಲ್ಲಿ, ಬೇಲಿಯ ಸಂದಿಯಲ್ಲಿ, ಹಕ್ಕಿ ಕೂತೆದ್ದ ಕಡೆಯಲ್ಲೆಲ್ಲ ಅದು ಹುಟ್ಟಿಕೊಳ್ಳುತ್ತದೆ. ಕಿರುಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಆ ಕಾಯಿ ಒಂದು ಬಟ್ಟಲು ಚಟ್ನಿಗೆ ಸಾಕು.

ಕೆಂಪು ಬೇರೆ, ಖಾರ ಬೇರೆ

ಬಣ್ಣ ನೋಡಿ ಖಾರ ಅಳೆಯುವುದು ದೊಡ್ಡ ತಪ್ಪು. ಇದಕ್ಕೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ಬೇಡ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಈ ಸುಕ್ಕುಗಟ್ಟಿದ ಕಾಯಿ ಕಡುಗೆಂಪು, ಆದರೆ ಖಾರ ಮೃದು. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೊರೆಸಿನ್ ಎಂಬ ಎಣ್ಣೆಯಂಥ ಸಾರ ತೆಗೆಯುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗುಂಟೂರಿನ ಕಾಯಿ ನೋಡಲು ಇದಕ್ಕಿಂತ ನಯ, ತಿನ್ನಲು ಇದಕ್ಕಿಂತ ಬಹಳ ಖಾರ. ಸಾರಿನ ಪುಡಿಗೆ ಅವೆರಡನ್ನೂ ಬೆರೆಸುವ ಗೃಹಿಣಿ ಒಂದರಿಂದ ಬಣ್ಣ, ಇನ್ನೊಂದರಿಂದ ಖಾರ ಪಡೆಯುತ್ತಾಳೆ.

ಖಾರಕ್ಕೊಂದು ಅಳತೆ ಕೊಟ್ಟವರು ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್, 1912ರಲ್ಲಿ. ಮೆಣಸಿನಕಾಯಿಯ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ರುಚಿ ನೋಡುವವರಿಗೆ ಖಾರ ತಿಳಿಯದಂತಾಗಲು ಎಷ್ಟು ಪಟ್ಟು ಬೆರೆಸಬೇಕೋ ಅಷ್ಟು ಅಂಕ. ಇಂದು ಯಂತ್ರಗಳು ಕ್ಯಾಪ್ಸೈಸಿನ್ ಪ್ರಮಾಣವನ್ನು ನೇರವಾಗಿ ಅಳೆಯುತ್ತವೆ, ಹೆಸರು ಮಾತ್ರ ಸ್ಕೋವಿಲ್ ಎಂದೇ ಉಳಿದಿದೆ. ದೊಣ್ಣೆಮೆಣಸಿನಕಾಯಿಗೆ ಸೊನ್ನೆ. ಮೆಕ್ಸಿಕೊದ ಹಸಿರು ಮೆಣಸಿನಕಾಯಿ ಹಲಪೇನ್ಯೊಗೆ ಸುಮಾರು 2,500ರಿಂದ 8,000. ಈಶಾನ್ಯ ಭಾರತದ ಭೂತ್ ಜೊಲೋಕಿಯಾ 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಾಗ ಹತ್ತು ಲಕ್ಷ ದಾಟಿತ್ತು. 2023ರಲ್ಲಿ ದಾಖಲೆ ಬರೆದ 'ಪೆಪ್ಪರ್ ಎಕ್ಸ್' ಸರಾಸರಿ 26,93,000. ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ.

ನೀರು ಸೋಲುವುದು ಎಲ್ಲಿ

ಮತ್ತೆ ಆ ಹುಡುಗನ ಪ್ರಶ್ನೆಗೆ ಬರೋಣ. ಎಣ್ಣೆ ತೇಲುವ ಖಾರದ ಪಲ್ಯ ತಿಂದ ಸ್ಟೀಲ್ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಹನಿಹನಿಯಾಗಿ ಜಾರಿಹೋಗುತ್ತದೆ, ಕೆಂಪು ಜಿಡ್ಡು ತಟ್ಟೆಯಲ್ಲೇ ಉಳಿಯುತ್ತದೆ. ಬೆರಳಿನಿಂದ ಉಜ್ಜಿದರೆ ಒಂದು ಕಡೆ ಇದ್ದದ್ದು ತಟ್ಟೆ ತುಂಬ ಹರಡುತ್ತದೆ. ಸೋಪು ಹಾಕಿದಾಗಲೇ ಅದು ಬಿಡುವುದು.

ಕ್ಯಾಪ್ಸೈಸಿನ್ನಿನ ಸ್ವಭಾವ ಆ ಜಿಡ್ಡಿನದೇ. ನೀರಿನಲ್ಲಿ ಅದು ಬಹುತೇಕ ಕರಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ತಣ್ಣೀರು ಕುಡಿದಾಗ ಸಿಗುವ ನೆಮ್ಮದಿ ತಂಪಿನದು. ಬಿಸಿಯ ಗ್ರಾಹಕ ತಂಪಿಗೆ ಸ್ವಲ್ಪ ಹೊತ್ತು ಮಂಕಾಗುತ್ತದೆ. ನೀರು ಇಳಿದು ಬಾಯಿ ಮತ್ತೆ ಮೈಬಿಸಿಗೆ ಬಂದರೆ ಗುಂಡಿಗೆ ಅಂಟಿದ ಅಂಟು ಅಲ್ಲೇ ಇರುತ್ತದೆ, ಗಂಟೆ ಮತ್ತೆ ಶುರು. ಬಿಸಿ ಚಹಾ, ಬಿಸಿ ಸಾರು ಕುಡಿದರಂತೂ ಉರಿ ಇಮ್ಮಡಿಸುತ್ತದೆ. ಕ್ಯಾಪ್ಸೈಸಿನ್ ಅಂಟಿಕೊಂಡ ಗ್ರಾಹಕ 43 ಡಿಗ್ರಿಯವರೆಗೆ ಕಾಯುವುದಿಲ್ಲ, ಸಾಧಾರಣ ಬಿಸಿಗೂ ಕೂಗಿಕೊಳ್ಳುತ್ತದೆ.

ಸೋಡಾ, ತಂಪು ಪಾನೀಯಗಳ ಗುಳ್ಳೆಗಳು ತಾವೇ ನಾಲಿಗೆಯನ್ನು ಚುಚ್ಚುತ್ತವೆ. ಮದ್ಯಸಾರದಲ್ಲಿ ಕ್ಯಾಪ್ಸೈಸಿನ್ ಕರಗುವುದು ನಿಜ, ಆದರೆ ಬಿಯರ್‌ನಲ್ಲಿ ಇರುವುದು ಹೆಚ್ಚುಕಡಿಮೆ ನೀರೇ. ಗಡುಸಾದ ಮದ್ಯ ಬಾಯನ್ನು ಇನ್ನಷ್ಟು ಸುಡುತ್ತದೆ. ಖಾರ ಎಂದರೆ ಕ್ಷಾರ, ಅದಕ್ಕೆ ನಿಂಬೆಹುಳಿ ಮದ್ದು ಎಂಬ ವಾದವನ್ನೂ ಕೇಳಿದ್ದೇನೆ. ಕ್ಯಾಪ್ಸೈಸಿನ್ ಕ್ಷಾರವಲ್ಲ, ಹಾಗಾಗಿ ಆ ವಾದಕ್ಕೆ ಬುಡವಿಲ್ಲ.

ಮೊಸರು, ಬೆಲ್ಲ, ಅನ್ನ

ಹಾಲಿನಲ್ಲಿರುವ ಮುಖ್ಯ ಪ್ರೋಟೀನ್‌ಗೆ ಕೇಸೀನ್ ಎಂದು ಹೆಸರು. ಇದು ಕ್ಯಾಪ್ಸೈಸಿನ್ನಿಗೆ ಅಂಟಿಕೊಂಡು ಅದನ್ನು ನಾಲಿಗೆಯಿಂದ ಎತ್ತಿಕೊಂಡು ಹೋಗುತ್ತದೆ. ತಟ್ಟೆಯ ಜಿಡ್ಡಿಗೆ ಸೋಪು ಮಾಡುವ ಕೆಲಸವನ್ನು ಬಾಯಲ್ಲಿ ಮಾಡುವುದು ಇದೇ.

ಉರಿ ಇಳಿಸುವುದು ಹಾಲಿನ ಕೊಬ್ಬೇ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 72 ಮಂದಿಗೆ ಖಾರದ ಟೊಮೆಟೊ ಪಾನೀಯ ಕುಡಿಸಿ, ಆಮೇಲೆ ನೀರು, ಸೋಡಾ, ಕೋಲಾ, ಮದ್ಯವಿಲ್ಲದ ಬಿಯರ್, ಹಣ್ಣಿನ ಸ್ವಾದದ ಸಿಹಿ ಪಾನಕ, ಕೆನೆ ತೆಗೆದ ಹಾಲು, ಕೆನೆಯುಳ್ಳ ಹಾಲು ಕೊಟ್ಟು ಉರಿಯನ್ನು ಅಳೆದರು. ಎರಡೂ ಬಗೆಯ ಹಾಲು ಮತ್ತು ಸಿಹಿ ಪಾನಕ ಮುಂದೆ ನಿಂತವು. ಕೆನೆ ಇದ್ದ ಹಾಲಿಗೂ ಇಲ್ಲದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೊಬ್ಬಿಗಿಂತ ಪ್ರೋಟೀನ್‌ನದೇ ಪಾತ್ರ ಹಿರಿದು ಎಂದಾಯಿತು. ಸಿಹಿ ಪಾನಕ ಗೆದ್ದದ್ದು ಸಕ್ಕರೆಯಿಂದ ಇರಬೇಕು ಎಂಬುದು ಸಂಶೋಧಕರ ಊಹೆ. ಸಕ್ಕರೆ ಕ್ಯಾಪ್ಸೈಸಿನ್ನನ್ನು ತೆಗೆದುಹಾಕುವುದಿಲ್ಲ. ಬಲವಾದ ಸಿಹಿ ಉರಿಯ ತೀವ್ರತೆಯನ್ನು ಮಂದಗೊಳಿಸುತ್ತದೆ. ಖಾರ ತಿಂದು ಅಳುವ ಮಗುವಿನ ಬಾಯಿಗೆ ಅಜ್ಜಿ ಚಿಟಿಕೆ ಸಕ್ಕರೆ ಹಾಕುವುದರಲ್ಲಿ ಅರ್ಥವಿದೆ.

ಹಾಗಾದರೆ ಮೊಸರು ಏಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ? ಅದರಲ್ಲಿ ಕೇಸೀನ್ ಇದೆ, ಕೊಬ್ಬಿದೆ, ತಂಪಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಗಟ್ಟಿಯಾಗಿದ್ದು ನಾಲಿಗೆಯ ಮೇಲೆ ನಿಲ್ಲುತ್ತದೆ. ನೀರುಮಜ್ಜಿಗೆಯಲ್ಲಿ ಹೆಸರೇ ಹೇಳುವಂತೆ ನೀರು ಜಾಸ್ತಿ, ಕೇಸೀನ್ ಕಡಿಮೆ. ಬಾಯಾರಿಕೆಗೆ ಅದು ಸರಿ, ಉರಿಗೆ ಗಟ್ಟಿ ಮೊಸರೇ ಮೇಲು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಗುಟುಕಿಸಿಬಿಡುವುದು. ಒಂದು ಚಮಚ ಮೊಸರನ್ನೋ ಒಂದು ಗುಟುಕು ತಣ್ಣನೆಯ ಹಾಲನ್ನೋ ಬಾಯಲ್ಲಿ ಹತ್ತು-ಹದಿನೈದು ಸೆಕೆಂಡು ಹಿಡಿದು, ನಾಲಿಗೆಯ ಮೇಲೆ, ಕೆನ್ನೆಯ ಒಳಬದಿಗೆ ಆಡಿಸಿ ನುಂಗಬೇಕು. ಮತ್ತೆ ಹಾಗೆಯೇ ಮಾಡಬೇಕು. ಐಸ್‌ಕ್ರೀಮ್‌ನಲ್ಲಿ ಹಾಲು, ಸಕ್ಕರೆ, ತಂಪು ಮೂರೂ ಇರುವುದರಿಂದ ಅದೂ ಒಳ್ಳೆಯದೇ. ಹಾಲು ಒಗ್ಗದವರು ಒಂದು ಚಮಚ ಖಾರವಿಲ್ಲದ ಶೇಂಗಾ ಚಟ್ನಿಯನ್ನೋ ತೆಂಗಿನಹಾಲನ್ನೋ ಬಾಯಲ್ಲಿ ಆಡಿಸಬಹುದು, ಅವುಗಳ ಎಣ್ಣೆಯಂಶ ಕ್ಯಾಪ್ಸೈಸಿನ್ನನ್ನು ಕರಗಿಸಿಕೊಳ್ಳುತ್ತದೆ. ಅನ್ನ, ರೊಟ್ಟಿಯ ತುಂಡು ನಾಲಿಗೆಯನ್ನು ಒರೆಸಿ ಒಂದಷ್ಟು ಖಾರವನ್ನು ಹೊತ್ತೊಯ್ಯುತ್ತವೆ. ಪುದೀನದ ಮೆಂಥಾಲ್ ತಂಪಿನ ಗ್ರಾಹಕದ ಗುಂಡಿ ಒತ್ತುತ್ತದೆ. ಬಿಸಿಯ ಗಂಟೆಯ ಪಕ್ಕದಲ್ಲಿ ತಂಪಿನ ಗಂಟೆಯನ್ನೂ ಬಾರಿಸಿದಂತೆ.

ಉತ್ತರ ಕರ್ನಾಟಕದ ಊಟದ ತಟ್ಟೆಯನ್ನು ಒಮ್ಮೆ ನೋಡಿ: ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ, ಅದರ ನಡುವೆ ಗುಳಿ ಮಾಡಿ ಬಿಟ್ಟ ಶೇಂಗಾ ಎಣ್ಣೆ ಇಲ್ಲವೇ ಬೆಣ್ಣೆ, ಗುರೆಳ್ಳು ಪುಡಿಯ ಮೇಲೆ ಗಟ್ಟಿ ಮೊಸರು. ಖಾರವೂ ಅದನ್ನು ಹಿಡಿದಿಡುವ ಜಿಡ್ಡೂ ಒಂದೇ ತುತ್ತಿನಲ್ಲಿ ಬಾಯಿಗೆ ಹೋಗುತ್ತವೆ. ಮೇಲೋಗರ ಖಾರವಾದಾಗ ನೀರು ಸುರಿಯದೆ ತೆಂಗಿನಹಾಲು, ಹುರಿದ ಶೇಂಗಾ ಪುಡಿ, ಮೊಸರು, ತುಸು ಬೆಲ್ಲ ಸೇರಿಸುವುದರ ಹಿಂದಿನ ತರ್ಕವೂ ಇದೇ.

ಏನೂ ಕೈಗೆ ಸಿಗದಿದ್ದರೆ? ಮತ್ತೆ ಖಾರ ಮುಟ್ಟದೆ ಸುಮ್ಮನೆ ಕುಳಿತರೂ ಸಾಮಾನ್ಯ ಖಾರದ ಉರಿ ಹದಿನೈದು-ಇಪ್ಪತ್ತು ನಿಮಿಷಗಳಲ್ಲಿ ಇಳಿಯುತ್ತದೆ.

ಕೈ, ಕಣ್ಣು, ಘಾಟು

ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಬರಿ ನೀರಿನಲ್ಲಿ ತೊಳೆದು ಪ್ರಯೋಜನವಿಲ್ಲ. ಮೊದಲು ಕೊಬ್ಬರಿ ಎಣ್ಣೆಯನ್ನು ಬೆರಳ ಸಂದಿ, ಉಗುರಿನ ಅಂಚುಗಳಿಗೆ ಚೆನ್ನಾಗಿ ಉಜ್ಜಿ, ಒರೆಸಿ, ಬಳಿಕ ಸೋಪು ಹಾಕಿ ತೊಳೆಯಬೇಕು. ಬಹಳ ಕಾಯಿ ಹೆಚ್ಚುವುದಿದ್ದರೆ ಮೊದಲೇ ಎಣ್ಣೆ ಸವರಿಕೊಳ್ಳುವುದೋ ಕೈಗವಸು ಹಾಕಿಕೊಳ್ಳುವುದೋ ಜಾಣತನ. ಕಣ್ಣಿಗೆ ತಾಗಿದರೆ ನಿಯಮ ಬೇರೆ: ಎಣ್ಣೆ, ಹಾಲು ಯಾವುದೂ ಬೇಡ. ಕೈ ತೊಳೆದುಕೊಂಡು, ಶುದ್ಧ ನೀರನ್ನು ಧಾರೆಯಾಗಿ ಬಿಡುತ್ತ ಹತ್ತು-ಹದಿನೈದು ನಿಮಿಷ ಕಣ್ಣು ತೊಳೆಯಬೇಕು. ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಆಮೇಲೂ ನೋವು ಉಳಿದರೆ, ದೃಷ್ಟಿ ಮಂಜಾದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಒಣಮೆಣಸಿನಕಾಯಿ ಹುರಿಯುವಾಗ ಮನೆಯವರೆಲ್ಲ ಕೆಮ್ಮುವ ಘಾಟೂ ಕ್ಯಾಪ್ಸೈಸಿನ್ನಿನದೇ. ಬಿಸಿಗೆ ಗಾಳಿಗೇರಿ ಮೂಗು, ಗಂಟಲು, ಶ್ವಾಸನಾಳದ ಗ್ರಾಹಕಗಳನ್ನು ಮುಟ್ಟುತ್ತದೆ. ಆಸ್ತಮಾ ಇರುವವರು ಆ ಹೊತ್ತಿನಲ್ಲಿ ಅಡುಗೆಮನೆಯಿಂದ ದೂರ ಇರುವುದು ಕ್ಷೇಮ.

ಕೆಲವರಿಗೆ ಏಕೆ ಏನೂ ಆಗುವುದಿಲ್ಲ

ಸಾವಜಿ ಖಾನಾವಳಿಯ ಕೆಂಪು ಎಸರನ್ನು ಬೆವರದೆ ಉಣ್ಣುವವರಿದ್ದಾರೆ. ಅವರ ನಾಲಿಗೆ ಸತ್ತುಹೋಗಿದೆ ಎನ್ನುವುದು ತಪ್ಪು. ಕ್ಯಾಪ್ಸೈಸಿನ್ ಪದೇ ಪದೇ ತಾಗಿದರೆ ನರತುದಿಗಳು ಅದಕ್ಕೆ ಓಗೊಡುವುದನ್ನು ತಗ್ಗಿಸುತ್ತವೆ. ಸಿಹಿ, ಹುಳಿಗಳನ್ನು ಗುರುತಿಸುವ ರುಚಿಮೊಗ್ಗುಗಳು ಮೊದಲಿನಂತೆಯೇ ಇರುತ್ತವೆ. ಕೆಲಕಾಲ ಖಾರ ಬಿಟ್ಟರೆ ಸೂಕ್ಷ್ಮತೆ ಮರಳುತ್ತದೆ. ಇದೇ ಗುಣವನ್ನು ವೈದ್ಯರು ನೋವು ನಿವಾರಣೆಗೆ ಬಳಸುತ್ತಾರೆ. ಕೀಲುನೋವಿನ ಮುಲಾಮುಗಳಲ್ಲಿ ಕ್ಯಾಪ್ಸೈಸಿನ್ ಇರುತ್ತದೆ, ಸರ್ಪಸುತ್ತಿನ ನಂತರ ಉಳಿಯುವ ನರನೋವಿಗೆ ಶೇಕಡ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಚರ್ಮಕ್ಕೆ ಅಂಟಿಸುತ್ತಾರೆ. ಅಭ್ಯಾಸದ ಜೊತೆಗೆ ಹುಟ್ಟಿನಿಂದ ಬಂದ ವ್ಯತ್ಯಾಸವೂ ಇದೆ. ಆದ್ದರಿಂದ 'ಇಷ್ಟಕ್ಕೇ ಹೀಗಾ?' ಎಂದು ಪಕ್ಕದವರನ್ನು ಅಣಕಿಸುವುದು ನ್ಯಾಯವಲ್ಲ. ಒಂದೇ ತುತ್ತು ಇಬ್ಬರ ಬಾಯಲ್ಲಿ ಒಂದೇ ನೋವು ಕೊಡುವುದಿಲ್ಲ.

ಹೊಟ್ಟೆಗೆ ಇಳಿದ ಮೇಲೆ

ಬಾಯಿ ಉರಿ ಇಳಿದ ಮಾತ್ರಕ್ಕೆ ಮುಗಿಯಿತು ಎಂದಲ್ಲ. ಇದೇ ಗ್ರಾಹಕಗಳು ಅನ್ನನಾಳದಿಂದ ಗುದದ್ವಾರದವರೆಗೂ ಇವೆ. ಹೊಟ್ಟೆನೋವು, ಭೇದಿ, ಮರುದಿನ ಶೌಚದ ಉರಿ ಎಲ್ಲದರ ಮೂಲ ಒಂದೇ. ಖಾರದಿಂದಲೇ ಹೊಟ್ಟೆಹುಣ್ಣು ಆಗುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಬಹುಪಾಲು ಹುಣ್ಣುಗಳಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳ ಅತಿಬಳಕೆ. ಆ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದರೆ ಈಗಾಗಲೇ ಎದೆಯುರಿ, ಹುಳಿತೇಗು ಇರುವವರಿಗೆ ಖಾರ ತೊಂದರೆ ಹೆಚ್ಚಿಸಬಹುದು.

ನನಗೆ ನಿಜವಾದ ಆತಂಕ ಇರುವುದು ಸವಾಲು ಹಾಕಿಕೊಂಡು ತಿನ್ನುವ ಮಕ್ಕಳ ಬಗ್ಗೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 14 ವರ್ಷದ ಹುಡುಗನೊಬ್ಬ ಅತಿ ಖಾರದ ಒಂದೇ ಒಂದು ಚಿಪ್ಸ್ ತಿಂದ ದಿನವೇ ತೀರಿಕೊಂಡ. ಅವನಿಗೆ ಹುಟ್ಟಿನಿಂದ ಹೃದಯದ ದೋಷವಿತ್ತೆಂದೂ, ಹೆಚ್ಚು ಕ್ಯಾಪ್ಸೈಸಿನ್ ಒಳಹೋದ ಬಳಿಕ ಹೃದಯ, ಉಸಿರಾಟ ನಿಂತವೆಂದೂ ಶವಪರೀಕ್ಷೆ ಹೇಳಿತು. ಆ ಚಿಪ್ಸ್ ಮಾರುಕಟ್ಟೆಯಿಂದ ಮರೆಯಾಯಿತು. 2018ರಲ್ಲಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ, ಸ್ಪರ್ಧೆಯಲ್ಲಿ 'ಕ್ಯಾರೊಲಿನಾ ರೀಪರ್' ಎಂಬ ಅತಿ ಖಾರದ ಮೆಣಸಿನಕಾಯಿ ತಿಂದ 34 ವರ್ಷದ ವ್ಯಕ್ತಿಗೆ ಸಿಡಿಲು ಬಡಿದಂಥ ತಲೆನೋವು ಬಂದು, ಮಿದುಳಿನ ರಕ್ತನಾಳಗಳು ಸಂಕುಚಿತಗೊಂಡಿದ್ದವು; ಆತ ಚೇತರಿಸಿಕೊಂಡ. ಇವು ಅಪರೂಪದ ಘಟನೆಗಳು. ಮನೆಯ ಸಾರಿನಿಂದ ಹೀಗಾಗುವುದಿಲ್ಲ. ಆದರೆ ಮಗುವಿನ ಮೈತೂಕ ಕಡಿಮೆ, ಹೃದಯದ ದೋಷ ಮನೆಯವರಿಗೇ ತಿಳಿದಿರದೆ ಇರಬಹುದು. ಗೆಳೆಯರ ಕೇಕೆಯ ನಡುವೆ ಮಗು 'ಸಾಕು' ಎನ್ನಲು ಹಿಂಜರಿಯುತ್ತದೆ.

ಖಾರ ತಿಂದ ಮೇಲೆ ಎದೆನೋವು, ಉಸಿರಾಟಕ್ಕೆ ಕಷ್ಟ, ತುಟಿ-ಗಂಟಲಿನ ಊತ, ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ, ಹಿಂದೆಂದೂ ಕಾಣದ ತಲೆನೋವು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮೊಸರಿಗಾಗಿ ಹುಡುಕುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ನೇರ ಆಸ್ಪತ್ರೆಗೆ ಹೋಗಿ. ತಿಂದ ಪದಾರ್ಥದ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಹುಡುಗ ತಂದಿದ್ದ ಎರಡನೆಯ ಪೊಟ್ಟಣವನ್ನು ಮರುದಿನ ನಾವಿಬ್ಬರೂ ಸೇರಿ ಬೇಯಿಸಿದೆವು. ಸಾಸ್ ಕಾಲು ಭಾಗ, ಮೇಲೊಂದು ಮೊಟ್ಟೆ, ಪಕ್ಕದಲ್ಲಿ ಮೊಸರಿನ ಬಟ್ಟಲು. ಮೊಬೈಲ್ ಬೇರೆ ಕೋಣೆಯಲ್ಲಿತ್ತು.